ಸುಣ್ಣಗಲ್ಲಿನ ಧ್ರೌವ್ಯ

ಸೇಡಂ ತಾಲೂಕಿನ ಮಳಖೇಡವು ಇಂದು ಕಾಗಿಣಾ ನದಿಯ ದಂಡೆಯ ಮೇಲೆ ಜೀರ್ಣವಾದ ಕೋಟೆಯೊಂದನ್ನೂ ಪುರಾತನವಾದ ಬಸದಿಯೊಂದನ್ನೂ ಉಳಿಸಿಕೊಂಡಿರುವ ಸಾಧಾರಣ ಗ್ರಾಮವಾದರೂ, ಅಮೋಘವರ್ಷ ನೃಪತುಂಗನು ಆಳುತ್ತಿದ್ದ ಒಂಬತ್ತನೆಯ ಶತಮಾನದಲ್ಲಿ ಮಾನ್ಯಖೇಟವೆಂಬ ಹೆಸರಿನಿಂದ ರಾಷ್ಟ್ರಕೂಟರ ರಾಜಧಾನಿಯಾಗಿದ್ದಿತು. ಆ ಅರಸನ ಗುರುಗಳೆಂದು ಖ್ಯಾತರಾದ ಜಿನಸೇನಾಚಾರ್ಯರ ಪರಂಪರೆಯವರು ಅಭ್ಯಸಿಸುತ್ತಿದ್ದ ಶಾಸ್ತ್ರದಲ್ಲಿ, ‘ಇರುವುದು ಎಂದರೆ ಏನು?’ ಎಂಬ ಪ್ರಶ್ನೆಗೆ ವಿಲಕ್ಷಣವಾದ ಉತ್ತರವೊಂದುಂಟು. ಅದೇ ಮಳಖೇಡದ ಮಗ್ಗುಲಿನಲ್ಲಿ ಈಗ ಸಿಮೆಂಟಿನ ದೊಡ್ಡ ಕಾರಖಾನೆಯಿದೆ. ಬಸದಿಗೂ ಕಾರಖಾನೆಗೂ ಏನು ಸಂಬಂಧವೆಂದು ಕೇಳುವವರಿಗೆ, ಎರಡರ ವಿಷಯವೂ ಸ್ಥಿರತೆಯೇ ಎಂದು ಹೇಳಬಹುದು: ಒಂದು ಅದನ್ನು ವಿಚಾರಿಸಿತು, ಇನ್ನೊಂದು ಅದನ್ನು ಐವತ್ತು ಕಿಲೋದ ಚೀಲದಲ್ಲಿ ತುಂಬಿ ಮಾರುತ್ತದೆ.

ಮಾರ್ಪಡುವುದು ಪರಮಾರ್ಥವಾಗಿ ಸತ್ಯವಲ್ಲ, ಕೂಟಸ್ಥವಾಗಿ ನಿಂತದ್ದೇ ಸತ್ಯವೆಂದು ಅದ್ವೈತಿಗಳು ಹೇಳಿದರು. ನಿಂತದ್ದು ಯಾವುದೂ ಇಲ್ಲ, ಇರುವುದೆಲ್ಲವೂ ಕ್ಷಣಿಕವೆಂದು ಬೌದ್ಧರು ವಾದಿಸಿದರು. ಜೈನಾಚಾರ್ಯರಾದ ಉಮಾಸ್ವಾತಿಗಳು ತಮ್ಮ ತತ್ತ್ವಾರ್ಥಸೂತ್ರದಲ್ಲಿ ಈ ಎರಡು ಅಂತಗಳನ್ನೂ ಬಿಟ್ಟು, ಉತ್ಪಾದ (ಹುಟ್ಟು), ವ್ಯಯ (ಅಳಿವು), ಧ್ರೌವ್ಯ (ಸ್ಥಿರತೆ) ಎಂಬ ಮೂರೂ ಕೂಡಿರುವುದೇ ಸತ್ತಿನ, ಅಂದರೆ ಇರುವಿಕೆಯ, ಲಕ್ಷಣವೆಂದು ನಿರ್ಣಯಿಸಿದರು. ಇದನ್ನು ಮೊದಲು ಹುಟ್ಟು, ಬಳಿಕ ಬಾಳು, ಕಡೆಗೆ ಸಾವು ಎಂಬ ಕ್ರಮವಾಗಿ ತಿಳಿದವರು ಸಿದ್ಧಾಂತದ ಮರ್ಮವನ್ನೇ ಕಳೆದುಕೊಂಡಂತೆ. ಮೂರೂ ಒಂದೇ ಕ್ಷಣದಲ್ಲಿ, ಒಂದೇ ವಸ್ತುವಿನಲ್ಲಿ ನಡೆಯುತ್ತವೆ. ಒಂದು ಪರ್ಯಾಯವು, ಅಂದರೆ ವಸ್ತುವಿನ ಒಂದು ಅವಸ್ಥೆಯು, ತಲೆದೋರುವುದೆಂದರೆ ಇನ್ನೊಂದು ಪರ್ಯಾಯವು ಅಳಿಯುವುದೇ, ಮತ್ತು ಈ ಎರಡರ ನಡುವೆಯೂ ದ್ರವ್ಯವು ತನ್ನತನವನ್ನು ಬಿಡದಿರುವುದೇ ಧ್ರೌವ್ಯ. ಸಮಂತಭದ್ರರು ಆಪ್ತಮೀಮಾಂಸೆಯಲ್ಲಿ ಇದಕ್ಕೆ ಕೊಡುವ ದೃಷ್ಟಾಂತವು ಪ್ರಸಿದ್ಧವಾದುದು. ಚಿನ್ನದ ಕಲಶವನ್ನು ಕರಗಿಸಿ ಕಿರೀಟವನ್ನು ಮಾಡಿದರೆ, ಕಲಶವನ್ನು ಬಯಸಿದ್ದವನು ಶೋಕಿಸುತ್ತಾನೆ, ಕಿರೀಟವನ್ನು ಬಯಸಿದ್ದವನು ಹರ್ಷಿಸುತ್ತಾನೆ, ಚಿನ್ನವನ್ನಷ್ಟೇ ಬಯಸಿದವನು ಮಧ್ಯಸ್ಥನಾಗಿರುತ್ತಾನೆ. ಮೂವರ ಭಾವಗಳೂ ಸಕಾರಣವಾದವುಗಳೇ ಆದುದರಿಂದ ವಸ್ತುವೂ ಮೂರು ಬಗೆಯಾಗಿಯೇ ಇರತಕ್ಕದ್ದು ಎಂಬುದು ಆಚಾರ್ಯರ ತರ್ಕ.

ಈ ತರ್ಕವನ್ನು ನಮ್ಮ ನೆಲದ ಕಲ್ಲಿನ ಮೇಲೆಯೇ ಪರೀಕ್ಷಿಸೋಣ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳ ಅಡಿಯಲ್ಲಿ ಹಾಸಿರುವುದು ಅನಾದಿಯೆನ್ನಬಹುದಾದ ಕಾಲದಲ್ಲಿ ಕಡಲ ತಳದಲ್ಲಿ ಪದರ ಪದರವಾಗಿ ನೆಲೆಗೊಂಡ ಸುಣ್ಣಗಲ್ಲು. ಮೇಲಣ ತೆಳು ಪದರಗಳನ್ನು ಸೀಳಿ ತೆಗೆದ ಪರ್ಸಿಯು ಊರೂರ ಮನೆಗಳ ನೆಲವಾಯಿತು. ಅದೇ ಕಲ್ಲು ಸಿಮೆಂಟಿಗೂ ಮೂಲವಾಯಿತು. 1936ರಲ್ಲಿ ಹಲವು ಕಂಪನಿಗಳು ಕೂಡಿ ಎ.ಸಿ.ಸಿ. ಎಂಬ ಸಿಮೆಂಟು ಸಂಸ್ಥೆ ರೂಪುಗೊಂಡಾಗ ಶಹಾಬಾದಿನ ಕಾರಖಾನೆಯೂ ಅದರಲ್ಲಿ ಸೇರಿದ್ದಿತು. 1968ರಲ್ಲಿ ವಾಡಿಯ ಕಾರಖಾನೆ ಮೊದಲಾಯಿತು.

ಆವಿಗೆಯಲ್ಲಿ ನಡೆಯುವುದೇನು? ಶುದ್ಧವಾದ ನೂರು ಕಿಲೋ ಸುಣ್ಣಗಲ್ಲು ಸುಮಾರು 900 ಡಿಗ್ರಿಯ ಶಾಖದಲ್ಲಿ ಐವತ್ತಾರು ಕಿಲೋ ಸುಟ್ಟ ಸುಣ್ಣವಾಗುತ್ತದೆ. ಮಿಕ್ಕ ನಲವತ್ತನಾಲ್ಕು ಕಿಲೋ ಇಂಗಾಲಾಮ್ಲ ವಾಯುವಾಗಿ ಆಕಾಶಕ್ಕೆ ಸೇರುತ್ತದೆ. ಆ ಸುಣ್ಣವು ಜೇಡಿಯೊಡನೆ ಸುಮಾರು 1450 ಡಿಗ್ರಿಯಲ್ಲಿ ಬೆಂದು ಕ್ಲಿಂಕರ್ ಎಂಬ ಕಪ್ಪು ಗಟ್ಟಿಯಾಗುತ್ತದೆ. ಅದನ್ನು ಜಿಪ್ಸಮ್ಮಿನೊಡನೆ ಅರೆದದ್ದೇ ಸಿಮೆಂಟು. ಸಿಮೆಂಟಿನ ತಯಾರಿಕೆಯಲ್ಲಿ ಹೊರಬೀಳುವ ಈ ವಾಯುವಿನಲ್ಲಿ ಹೆಚ್ಚಿನ ಪಾಲು ಕಲ್ಲಿದ್ದಲಿನದಲ್ಲ, ಕಲ್ಲಿನದೇ. ಆದಕಾರಣ ಕಲ್ಲಿದ್ದಲಿಗೆ ಬದಲಾಗಿ ಸೂರ್ಯನ ಶಕ್ತಿಯನ್ನೇ ತಂದು ಉರಿಸಿದರೂ ಆ ಪಾಲು ಹೊರಡದೆ ಇರದು. ಕಲಶವನ್ನು ಕರಗಿಸದೆ ಕಿರೀಟವಿಲ್ಲ.

ಇದರ ಮುಂದಿನ ಕಥೆಯು ನನಗೆ ಇನ್ನೂ ಸ್ವಾರಸ್ಯವಾಗಿ ತೋರುತ್ತದೆ. ಹೊರಟುಹೋದ ವಾಯುವು ಸುಮ್ಮನಿರುವುದಿಲ್ಲ. ಗಟ್ಟಿಯಾದ ಕಾಂಕ್ರೀಟಿನ ಸೂಕ್ಷ್ಮರಂಧ್ರಗಳೊಳಗೆ ವರ್ಷಕ್ಕೆ ಕೂದಲೆಳೆಯಷ್ಟು ನುಸುಳಿ, ಅಲ್ಲಿನ ಸುಣ್ಣವನ್ನು ಕೂಡಿ, ಅದನ್ನು ಮರಳಿ ಸುಣ್ಣಗಲ್ಲನ್ನಾಗಿ ಮಾಡುತ್ತಿರುತ್ತದೆ. ಕಾಂಕ್ರೀಟಿನ ಕ್ಷಾರಗುಣವು ಇರುವವರೆಗೆ ಒಳಗಿನ ಉಕ್ಕಿನ ಸಳಿಗಳಿಗೆ ತುಕ್ಕಿನಿಂದ ರಕ್ಷೆ. ವಾಯುವಿನ ಈ ಪುನರಾಗಮನದಿಂದ ಕ್ಷಾರವು ತಗ್ಗಿದೊಡನೆ ಸಳಿಯು ತುಕ್ಕು ಹಿಡಿದು, ಉಬ್ಬಿ, ಕವಚವನ್ನು ಬಿರಿಸಿ ಹೊರಬರುತ್ತದೆ. ಹಳೆಯ ಕಟ್ಟಡಗಳಲ್ಲಿ ಇದೇ ವಾಯುವಿನ ಕೆಲಸ ಬೇರೆ. ಕಲಬುರಗಿಯ ಕೋಟೆಯೊಳಗಿನ ಜಾಮಿಯಾ ಮಸೀದಿಯನ್ನು 1367ರಲ್ಲಿ ಕಟ್ಟಿದವನು ಇರಾನಿನ ಕಜ್ವೀನದ ರಫೀ ಎಂದು ಅಲ್ಲಿನ ಶಾಸನವು ಹೇಳುತ್ತದೆ. ಅಂಥ ಹಳೆಯ ಕಟ್ಟಡಗಳ ಗಚ್ಚು ಗಟ್ಟಿಯಾಗುವುದೇ ಅದೇ ವಾಯುವನ್ನು ಶತಮಾನಗಳ ಕಾಲ ಹೀರಿಕೊಳ್ಳುವುದರಿಂದ. ಸಳಿಯಿಲ್ಲದ ಗೋಡೆಗೆ ಯಾವುದು ಬಲವಾಯಿತೋ ಅದೇ ಸಳಿಯುಳ್ಳ ಗೋಡೆಗೆ ರೋಗವಾಯಿತು. ಬಾಳಿಕೆಯು ವಸ್ತುವಿಗೆ ಅಂಟಿಕೊಂಡ ಗುಣವೆಂದು ನಾವು ಭಾವಿಸುತ್ತೇವೆ. ತ್ರಿಲಕ್ಷಣದ ಕಣ್ಣಿನಿಂದ ನೋಡಿದರೆ ಅದು ಯಾವ ವ್ಯಯವನ್ನು ಯಾವ ಉತ್ಪಾದವು ಎದುರಿಸುತ್ತಿದೆ ಎಂಬುದರ ಹೆಸರು ಮಾತ್ರ.

ಇಲ್ಲಿಯವರೆಗೆ ಸಿದ್ಧಾಂತವು ಗೆದ್ದಿತು. ಆದರೆ ಕಿರೀಟವನ್ನೂ ಕಲಶವನ್ನೂ ಬಯಸದ ಆ ಮೂರನೆಯವನ ಮಾತೇನು? ಸುಣ್ಣವು ಎಲ್ಲಿಯೂ ಹೋಗಲಿಲ್ಲ, ವಾಯುವೂ ಜಗತ್ತಿನೊಳಗೇ ಇದೆ, ದ್ರವ್ಯಕ್ಕೆ ನಷ್ಟವಿಲ್ಲವೆಂದು ಅವನು ವಾದಿಸಿದರೆ, ತೊಗರಿಯ ಎಲೆಯ ಮೇಲೆ ಕೂತ ಕಾರಖಾನೆಯ ಬೂದುಧೂಳನ್ನು ಒರೆಸುವ ರೈತನಿಗೆ ಅದು ಸಮಾಧಾನವಾದೀತೆ?

ಈ ಸಂದೇಹಕ್ಕೆ ನನಗೆ ದೊರೆತ ಅತ್ಯುತ್ತಮ ಭಾಷ್ಯವು ದರ್ಶನಗ್ರಂಥದಲ್ಲಿಲ್ಲ. ರಫೀಯ ನಾಡಿನ ಕವಯಿತ್ರಿಯೊಬ್ಬಳಲ್ಲಿದೆ. ನೀಮಾ ಯೂಶೀಜ್ (1897–1960) ಪಾರಸೀ ಛಂದಸ್ಸಿನ ಸಮಪಾದಗಳ ಕಟ್ಟನ್ನು ಸಡಲಿಸಿದ ಮೇಲೆ ಬೆಳೆದ ಹೊಸ ಕಾವ್ಯದಲ್ಲಿ ಫರೂಗ್ ಫರ್ರುಖ್‌ಜಾದ್ ಅಗ್ರಗಣ್ಯಳು. 1967ರಲ್ಲಿ ಮೋಟಾರು ಅಪಘಾತದಲ್ಲಿ ತೀರಿಕೊಂಡಾಗ ಆಕೆಗೆ ಮೂವತ್ತೆರಡೇ ವಯಸ್ಸು. ಆಕೆಯ ಕಡೆಗಾಲದ ಕವಿತೆಯೊಂದರಲ್ಲಿ ಮನೆಯ ಅಂಗಳದ ತೋಟವು ಸಾಯುತ್ತಿದೆ, ಕೊಳವು ಬರಿದಾಗಿದೆ. ತನ್ನ ಕಾಲ ಮುಗಿಯಿತೆಂದು ತಂದೆಯು ಹಳೆಯ ಗ್ರಂಥಗಳನ್ನೋದುತ್ತ ಕುಳಿತಿದ್ದಾನೆ. ತಾಯಿಯು ಪ್ರಾರ್ಥನೆಯ ಚಾಪೆಯನ್ನು ಬಿಟ್ಟೇಳಳು. ತತ್ತ್ವವನ್ನಾಡುವ ಅಣ್ಣನಿಗೆ ತೋಟವು ಒಂದು ಮಸಣ. ಊರಿನ ಆಚೆ ತುದಿಯಲ್ಲಿ ಸಂಸಾರ ಹೂಡಿದ ತಂಗಿಗೆ ಕೃತಕ ಮೀನುಗಳೂ ಕೃತಕ ಮರಗಳೂ ಉಂಟು. ತೋಟಕ್ಕೆ ಚಿಕಿತ್ಸೆಯಾಗಬಹುದೆಂದು ನಂಬುವವಳು ಕವಿತೆಯನ್ನು ಹೇಳುವವಳೊಬ್ಬಳೇ. ಸಮಂತಭದ್ರರ ಮಧ್ಯಸ್ಥನು ಈ ಮನೆಯಲ್ಲಿ ಹುಟ್ಟಿದ್ದರೆ ಆ ಅಣ್ಣನಾಗುತ್ತಿದ್ದನೋ ಏನೋ.

ಆದರೆ ಇದು ಜೈನದರ್ಶನಕ್ಕೆ ಮಾಡುವ ಅನ್ಯಾಯವಾದೀತು. ಮಧ್ಯಸ್ಥತೆಯನ್ನು ಆಚಾರ್ಯರು ತಂದುದು ವಸ್ತುಸ್ವರೂಪವನ್ನು ಸಾಧಿಸಲಿಕ್ಕೆ, ನಡತೆಯನ್ನು ಬೋಧಿಸಲಿಕ್ಕಲ್ಲ. ನಡತೆಯ ಪ್ರಕರಣದಲ್ಲಿ ಅದೇ ದರ್ಶನವು ಮಣ್ಣು ನೀರುಗಳನ್ನೇ ಶರೀರವಾಗಿ ಉಳ್ಳ ಪೃಥ್ವೀಕಾಯಿಕ, ಅಪ್ಕಾಯಿಕ ಜೀವಗಳನ್ನು ಒಪ್ಪುತ್ತದೆ. ಶ್ರಾವಕನು, ಅಂದರೆ ಜೈನ ಗೃಹಸ್ಥನು, ವರ್ಜಿಸಬೇಕಾದ ಹದಿನೈದು ಕಸುಬುಗಳ ಪರಂಪರಾಗತವಾದ ಪಟ್ಟಿಯಲ್ಲಿ ನೆಲವನ್ನು ಒಡೆಯುವ ವೃತ್ತಿಯೂ ಸೇರಿದೆ. (ಬಸದಿಗಳ ಕಲ್ಲೂ ಯಾವುದೋ ಖಣಿಯಿಂದಲೇ ಬಂದುದು, ಈ ತೊಡಕು ಪೂರ್ವಿಕರಿಗೂ ತಿಳಿಯದಿದ್ದಿರಲಾರದು.) ಅಂದಮೇಲೆ ಧ್ರೌವ್ಯವನ್ನು ಕಂಡವನಿಗೆ ವ್ಯಯದ ಹೊಣೆ ತಪ್ಪುವುದಿಲ್ಲ, ಮೂರೂ ಏಕಕಾಲಿಕವಾದ್ದರಿಂದ ಕಿರೀಟದ ಬೆಲೆಯನ್ನು ಹೇಳುವಾಗಲೇ ಕಲಶದ ನಷ್ಟವನ್ನೂ ಹೇಳತಕ್ಕದ್ದು. ನಮ್ಮ ಕಾಲದ ದೋಷವಿರುವುದು ಇಲ್ಲಿ: ಉತ್ಪಾದವನ್ನು ಟನ್ನುಗಳಲ್ಲಿ ಅಳೆಯುತ್ತೇವೆ, ಧ್ರೌವ್ಯವನ್ನು ಜಾಹೀರಾತಿನಲ್ಲಿ ಘೋಷಿಸುತ್ತೇವೆ, ವ್ಯಯವನ್ನು ಖಣಿಯ ಹೊಂಡಕ್ಕೂ ಗಾಳಿಗೂ ಬಿಟ್ಟುಬಿಡುತ್ತೇವೆ.

ಸುಡದೆಯೇ ಉಳಿದ ಸುಣ್ಣಗಲ್ಲನ್ನು ನೋಡಬಯಸುವವರು ಚಿತ್ತಾಪುರ ತಾಲೂಕಿನ ಸನ್ನತಿಯ ಬಳಿಯ ಕನಗನಹಳ್ಳಿಗೆ ಹೋಗಬೇಕು. ಅಲ್ಲಿ ಉತ್ಖನನದಲ್ಲಿ ದೊರೆತ ಸ್ತೂಪದ ಫಲಕಗಳು ಈ ಸೀಮೆಯ ಕಲ್ಲಿನವೇ. ಅಶೋಕನ ಹೆಸರನ್ನು ಹೊತ್ತ ಅವನ ಶಿಲ್ಪವೂ ಅವುಗಳಲ್ಲಿ ಒಂದು. ಎಲ್ಲವೂ ಕ್ಷಣಿಕವೆಂದವರು ಕೆತ್ತಿಸಿದ ಗೆರೆಗಳು ಎರಡು ಸಾವಿರ ವರ್ಷಗಳ ಮೇಲೂ ಓದಲು ಬರುತ್ತವೆ.

ಎಲ್ಲವನ್ನೂ ಕೆತ್ತಿಯೇ ಕಟ್ಟಲಾಗದು, ಸಿಮೆಂಟು ಬೇಡವೆನ್ನುವುದೂ ಸಾಧ್ಯವಿಲ್ಲ. ಆದರೆ ಸಳಿಯ ಮೇಲೆ ಕಾಂಕ್ರೀಟಿನ ಹೊದಿಕೆ ಸಾಕಷ್ಟು ದಪ್ಪವಾಗಿದ್ದು, ಹಾಕಿದ ಮೇಲೆ ಕನಿಷ್ಠ ಏಳು ದಿನ ತಪ್ಪದೆ ನೀರುಣಿಸಿದ ಮಾಳಿಗೆಯು, ಅವಸರದಲ್ಲಿ ಒಣಗಿದ ಮಾಳಿಗೆಗಿಂತ ಎಷ್ಟೋ ವರ್ಷ ಹೆಚ್ಚಿಗೆ ಬಾಳುತ್ತದೆ. ಬೆಂಗಳೂರಿನಲ್ಲಿಯೋ ಹೈದರಾಬಾದಿನಲ್ಲಿಯೋ ಅಂಥ ಮಾಳಿಗೆಯನ್ನು ಮೂವತ್ತು ವರ್ಷಕ್ಕೇ ಕೆಡವಿ ಮತ್ತೆ ಕಟ್ಟಬೇಕಾಗದೆ ಹೋದಷ್ಟೂ ವಾಡಿ ಸೇಡಂಗಳ ಖಣಿಗಳು ಅಷ್ಟು ಕಡಿಮೆ ಆಳಕ್ಕೆ ಇಳಿಯುತ್ತವೆ.