ಊರ ಚೌಕವೂ ಊರವರ ಶೀಲವೂ

ಒಂದು ಊರಿನ ಜನರ ಶೀಲವನ್ನು ಅರಿಯಬೇಕಾದವನು ಏನನ್ನು ನೋಡತಕ್ಕದ್ದು? ಮನೆಯೊಳಗೆ ಯಜಮಾನನ ಕಣ್ಣಿದೆ. ದೇವಾಲಯದಲ್ಲಿ ದೇವರ ಭಯವಿದೆ. ನಾಲ್ಕು ದಾರಿಗಳು ಕೂಡುವ ಬಯಲಿನಲ್ಲಿ ಇವೆರಡೂ ಇಲ್ಲ. ಅಲ್ಲಿ ಮನುಷ್ಯನು ತನ್ನೊಬ್ಬನದಲ್ಲದ, ಆದರೆ ತನಗೂ ಸೇರಿದ ನೆಲದ ಮೇಲೆ, ತನಗೆ ಬಂಧುವಲ್ಲದವನ ಪಕ್ಕದಲ್ಲಿ ನಿಂತಿರುತ್ತಾನೆ. ಆದಕಾರಣ ಊರ ಚೌಕವು ಊರವರ ಕನ್ನಡಿಯೆಂದು ಹೇಳುವವರ ಮಾತಿನಲ್ಲಿ ಸತ್ಯವಿಲ್ಲದಿಲ್ಲ. ಆದರೆ ಕನ್ನಡಿಯು ಎದುರಿಗೆ ನಿಂತವರನ್ನು ಮಾತ್ರ ತೋರಿಸುತ್ತದೆ. ಎದುರಿಗೆ ನಿಲ್ಲಲು ಅಪ್ಪಣೆಯಿಲ್ಲದವರ ಮುಖವು ಅದರಲ್ಲಿ ಮೂಡಲಾರದು. ಈ ಅಂಶವನ್ನು ಬಿಟ್ಟು ಮಾಡಿದ ವಿಚಾರವು ಅರ್ಧ ವಿಚಾರವೇ ಸರಿ.

ಪ್ರಾಚೀನರು ಚತುಷ್ಪಥವನ್ನು ಸಾಮಾನ್ಯ ಸ್ಥಳವೆಂದು ಎಣಿಸಲಿಲ್ಲ. ಗೋವು, ದೇವತಾಮೂರ್ತಿ, ಪ್ರಸಿದ್ಧವಾದ ಮರ ಇವುಗಳಂತೆಯೇ ಅದನ್ನೂ ಬಲಕ್ಕಿಟ್ಟುಕೊಂಡು ನಡೆಯಬೇಕೆಂದು ಮನುಸ್ಮೃತಿಯ ನಾಲ್ಕನೆಯ ಅಧ್ಯಾಯವು ವಿಧಿಸುತ್ತದೆ. ಇಷ್ಟು ಗೌರವವಿದ್ದ ಕಾಲದಲ್ಲಿ ಬೀದಿಗಳೆಲ್ಲ ನಿರ್ಮಲವಾಗಿದ್ದಿರಬೇಕೆಂದು ಊಹಿಸುವವರು ಕೌಟಿಲ್ಯನ ಅರ್ಥಶಾಸ್ತ್ರವನ್ನು ತೆರೆದು ನೋಡಬೇಕು. ಬೀದಿಯಲ್ಲಿ ಕಸ ಚೆಲ್ಲಿದವನಿಗೆ ಪಣದ ಎಂಟನೆಯ ಒಂದು ಪಾಲು ದಂಡ. ಕೆಸರುನೀರು ಕಟ್ಟಿ ನಿಲ್ಲುವಂತೆ ಮಾಡಿದವನಿಗೆ ಕಾಲು ಪಣ. ರಾಜಮಾರ್ಗದಲ್ಲಾದರೆ ಇದರ ಎರಡರಷ್ಟು. ಯಾರೂ ಮಾಡದ ತಪ್ಪಿಗೆ ಯಾವ ಶಾಸ್ತ್ರಕಾರನೂ ದಂಡವನ್ನು ಗೊತ್ತುಮಾಡುವುದಿಲ್ಲವಷ್ಟೆ! ರಾಜಮಾರ್ಗವನ್ನು ಹೊಲಸು ಮಾಡಿದವನು ಎರಡು ಕಾರ್ಷಾಪಣ ತೆತ್ತು, ಹೊಲಸನ್ನು ಕೂಡಲೇ ತೆಗೆಯತಕ್ಕದ್ದೆಂದು ಮನುವಿನ ಮತ. ಮುದುಕರು, ಗರ್ಭಿಣಿಯರು, ಮಕ್ಕಳು ಇವರಿಗೆ ದಂಡವಿಲ್ಲ, ಬುದ್ಧಿಮಾತು ಮಾತ್ರ. ಮಾಡಿದವನೇ ತೆಗೆಯಬೇಕೆಂಬ ಈ ವಿಧಿಯು ಎಲ್ಲಿ ಹೋಯಿತು, ಮಾಡುವವನೊಬ್ಬನು, ತೆಗೆಯುವವನು ಬೇರೊಂದು ಜಾತಿಯವನು ಎಂಬ ಏರ್ಪಾಡು ಎಂದು ಬಂದಿತು ಎಂಬುದನ್ನು ಶಾಸ್ತ್ರಾಭಿಮಾನಿಗಳು ಯೋಚಿಸಬೇಕು. ಅದೇ ಸ್ಮೃತಿಯ ಹತ್ತನೆಯ ಅಧ್ಯಾಯದಲ್ಲಿ ಚಂಡಾಲರ ವಾಸವು ಊರ ಹೊರಗಿರಬೇಕೆಂದೂ, ಅವರು ರಾತ್ರಿಯಲ್ಲಿ ಊರೊಳಗೆ ತಿರುಗಕೂಡದೆಂದೂ ಹೇಳಿದೆ ಎಂಬುದನ್ನೂ ಮರೆಮಾಚತಕ್ಕದ್ದಲ್ಲ.

ಚೌಕದ ನಿಜಸ್ವರೂಪವನ್ನು ಶಾಸ್ತ್ರಗಳಿಗಿಂತ ಚೆನ್ನಾಗಿ ಬಲ್ಲವನು ಶೂದ್ರಕ. ಮೃಚ್ಛಕಟಿಕದ ಮೊದಲನೆಯ ಅಂಕದಲ್ಲಿ ಚಾರುದತ್ತನು ಮಾತೃದೇವತೆಗಳಿಗೆ ಚತುಷ್ಪಥದಲ್ಲಿ ಬಲಿಯನ್ನಿಟ್ಟು ಬಾ ಎಂದು ಮೈತ್ರೇಯನನ್ನು ಕಳುಹಿಸುತ್ತಾನೆ. ಮೈತ್ರೇಯನು ಹೋಗಲೊಲ್ಲನು. ಈ ಸಂಧ್ಯಾಕಾಲದಲ್ಲಿ ರಾಜಮಾರ್ಗದ ತುಂಬ ವಿಟರೂ ಚೇಟರೂ ರಾಜನಿಗೆ ಬೇಕಾದವರೂ ತಿರುಗುತ್ತಿರುತ್ತಾರೆಂದು ಅವನ ಅಳುಕು. ಆ ಅಳುಕು ಸುಳ್ಳಲ್ಲ; ಅದೇ ಗಳಿಗೆಯಲ್ಲಿ ರಾಜನ ಮೈದುನನಾದ ಶಕಾರನು ವಸಂತಸೇನೆಯನ್ನು ಬೀದಿಯಲ್ಲಿ ಅಟ್ಟಿಸಿಕೊಂಡು ಬರುತ್ತಿದ್ದಾನೆ. ಆಕೆ ತನ್ನವರನ್ನು ಹೆಸರು ಹಿಡಿದು ಕೂಗಿದರೂ ಯಾರೂ ಬರುವುದಿಲ್ಲ. ಉಜ್ಜಯಿನಿಯಂತಹ ನಗರದ ರಾಜಮಾರ್ಗದಲ್ಲಿ ದೀಪ ಹಚ್ಚುವ ಹೊತ್ತಿಗೆ ಒಬ್ಬ ಹೆಂಗಸು ನಿರ್ಭಯವಾಗಿ ನಡೆಯಲಾರಳು! ಅಲ್ಲಿಯ ಅರಸನಾದ ಪಾಲಕನ ಆಳಿಕೆಯನ್ನು ಅಳೆಯಲು ಇದಕ್ಕಿಂತ ಬೇರೆ ಅಳತೆ ಬೇಕಿಲ್ಲ. ಈ ಅಳತೆಗೋಲನ್ನು ಇಂದಿನ ಪಟ್ಟಣಗಳಿಗೆ ಹಿಡಿದರೂ ತಪ್ಪಾಗದು.

ಹತ್ತನೆಯ ಅಂಕದಲ್ಲಿ ಅದೇ ಬೀದಿಗಳಲ್ಲಿ, ವಸಂತಸೇನೆಯನ್ನು ಕೊಂದನೆಂಬ ಸುಳ್ಳಾರೋಪಕ್ಕೆ ಗುರಿಯಾದ ಚಾರುದತ್ತನನ್ನು ವಧ್ಯಸ್ಥಾನಕ್ಕೆ ಕರೆದೊಯ್ಯುತ್ತಾರೆ. ಘೋಷಣಸ್ಥಾನಗಳಲ್ಲಿ ನಿಂತು ಡಂಗುರ ಸಾರುತ್ತಾರೆ. ಊರೆಲ್ಲ ಅಳುತ್ತದೆ, ಉಪ್ಪರಿಗೆಯ ಕಿಟಕಿಗಳಿಂದ ಸ್ತ್ರೀಯರು ಕಣ್ಣೀರು ಸುರಿಸುತ್ತಾರೆ. ತಡೆಯುವವರು ಮಾತ್ರ ಇಲ್ಲ. ಸತ್ಯವನ್ನು ಕೂಗಿ ಹೇಳಿದವನು ಶಕಾರನ ಆಳಾದ ಸ್ಥಾವರಕನೊಬ್ಬನೇ. ಅವನು ಬೇಡಿ ತೊಟ್ಟ ಕಾಲಿನಲ್ಲಿಯೇ ಮಾಳಿಗೆಯಿಂದ ಧುಮುಕಿ ಬರುತ್ತಾನೆ. ಆಳೆಂಬ ಕಾರಣದಿಂದ ಅವನ ಮಾತನ್ನು ಯಾರೂ ನಂಬುವುದಿಲ್ಲ. ಇತ್ತ ಕರೆದೊಯ್ಯುವ ಚಂಡಾಲರೋ, ಸಾಧುವಾದವನನ್ನು ಪೀಡಿಸುವವರೇ ನಿಜವಾದ ಚಂಡಾಲರೆಂಬ ಅರ್ಥದ ಮಾತನ್ನಾಡುತ್ತಾರೆ. ಕರುಣೆಯಿರುವ, ಧೈರ್ಯವಿಲ್ಲದ ಜನಸಮೂಹವನ್ನು ಕವಿಯು ಇಲ್ಲಿ ಚಿತ್ರಿಸಿರುವಷ್ಟು ನಿಷ್ಠುರವಾಗಿ ಚಿತ್ರಿಸಿದವರು ವಿರಳ. ಅಳುವುದರಿಂದಲೇ ತಮ್ಮ ಕರ್ತವ್ಯ ಮುಗಿಯಿತೆಂದು ಆ ಪೌರರು ತಿಳಿದಂತಿದೆ.

ಇದು ನಾಟಕದ ಮಾತಾಯಿತು. ನಡೆದ ಸಂಗತಿಯೊಂದನ್ನು ನೋಡಬಹುದು. ತಿರುವಾಂಕೂರು ಸಂಸ್ಥಾನದ ವೈಕಂನಲ್ಲಿ ಮಹಾದೇವರ ದೇವಾಲಯದ ಸುತ್ತಲಿನ ದಾರಿಗಳಲ್ಲಿ ಈಳವರೂ ಇತರ ಅವರ್ಣರೂ ನಡೆಯಕೂಡದೆಂಬ ಕಟ್ಟಳೆಯಿತ್ತು. ಅನ್ಯಮತೀಯರಿಗೆ ಅಡ್ಡಿಯಿರಲಿಲ್ಲ, ಅಡ್ಡಿಯಿದ್ದುದು ಅದೇ ದೇವರಿಗೆ ಕೈಮುಗಿಯುವವರಿಗೆ! 1924ರ ಮಾರ್ಚ್ 30ರಂದು ಸತ್ಯಾಗ್ರಹ ಮೊದಲಾಯಿತು. ಆ ವರ್ಷದ ಮಳೆಗಾಲದಲ್ಲಿ ನೆರೆ ಬಂದಾಗ ಸತ್ಯಾಗ್ರಹಿಗಳು ಸೊಂಟದ ಮಟ್ಟದ ನೀರಿನಲ್ಲಿ ನಿಂತಿದ್ದರು. ಮನ್ನತ್ತು ಪದ್ಮನಾಭನ್ ಅವರ ಮುಂದಾಳುತನದಲ್ಲಿ ಸವರ್ಣರೇ ದಾರಿ ತೆರೆಯಬೇಕೆಂದು ತಿರುವನಂತಪುರದವರೆಗೆ ಕಾಲ್ನಡಿಗೆಯಲ್ಲಿ ಹೋದರು. 1925ರ ಫೆಬ್ರವರಿಯಲ್ಲಿ ಶಾಸನಸಭೆಯ ಮುಂದೆ ಬಂದ ನಿರ್ಣಯವು 21ಕ್ಕೆ ಎದುರಾಗಿ 22 ಮತಗಳಿಂದ ಬಿದ್ದುಹೋಯಿತು. ಹಾಗಾದರೆ ವೈಕಂನ ದಾರಿಯು ಯಾರ ಕನ್ನಡಿ? ತಡೆದವರದೋ, ನೀರಿನಲ್ಲಿ ನಿಂತವರದೋ, ಕಾಲ್ನಡಿಗೆಯಲ್ಲಿ ಹೋದ ಸವರ್ಣರದೋ? ಪ್ರಜೆಯೆಂಬುದು ಒಂದೇ ಮುಖವುಳ್ಳದ್ದಲ್ಲ. ಒಂದು ಮತದ ಅಂತರದಲ್ಲಿ ಆ ದಿನ ಒಂದು ಮುಖವು ಮುಂದೆ ಬಂದಿತು. ಅದೇ ವರ್ಷದ ನವೆಂಬರಿನಲ್ಲಿ ನಾಲ್ಕರಲ್ಲಿ ಮೂರು ದಾರಿಗಳು ಎಲ್ಲರಿಗೂ ತೆರೆದವು. ನಾಲ್ಕನೆಯದು ತೆರೆಯಲಿಲ್ಲ. ಒಂದು ಪಥ ಮುಚ್ಚಿದ ಚತುಷ್ಪಥಕ್ಕೆ ಏನೆಂದು ಹೆಸರಿಡಬೇಕೋ ಅಮರಸಿಂಹನಿಗೂ ತೋಚದು. ದೇವಾಲಯ ಪ್ರವೇಶದ ಘೋಷಣೆ ಹೊರಟದ್ದು 1936ರ ನವೆಂಬರ್ 12ರಂದು.

ಚೌಕಗಳನ್ನು ಕಟ್ಟುವವರು ಅರಸರು, ಆಳುವವರು. ಅವು ಪ್ರಜೆಯನ್ನು ಹೇಗೆ ತೋರಿಸಿಯಾವು ಎಂದು ಆಕ್ಷೇಪಿಸುವವರಿದ್ದಾರೆ. ಮೈಸೂರನ್ನೇ ನೋಡಿದರೆ ಈ ಆಕ್ಷೇಪವು ಬಲವಾಗಿಯೇ ತೋರುತ್ತದೆ. ಅಲ್ಲಿಯ ಮುಖ್ಯ ವೃತ್ತಗಳಲ್ಲಿ ಮಂಟಪಗಳ ಕೆಳಗೆ ನಿಂತಿರುವವರು ಒಡೆಯರು. ಪುರಭವನದ ಎದುರಿನ ದೊಡ್ಡ ಗಡಿಯಾರವು 1927ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಳಿಕೆಯ ಬೆಳ್ಳಿಹಬ್ಬದ ನೆನಪಿಗೆ ಎದ್ದದ್ದು. ಆದರೆ ಅದನ್ನು ಕಟ್ಟಿಸಿದವರು ಅರಮನೆಯ ನೌಕರರು, ಕೃತಜ್ಞತೆಯಿಂದ. ಅದರ ಮುಖದ ಮೇಲಿರುವುವು ಕನ್ನಡದ ಅಂಕೆಗಳು. ಸಂತೆಗೆ ಬಂದವನೂ ಅದನ್ನು ನೋಡಿ ಹೊತ್ತನ್ನು ತಿಳಿಯಬಹುದಾಗಿತ್ತು. ಅರಸನ ಸ್ಮಾರಕವು ಹೀಗೆ ಸದ್ದಿಲ್ಲದೆ ಊರವರದಾಯಿತು.

ಅದೇ ಪಟ್ಟಣದಲ್ಲಿ 1947ರ ಸೆಪ್ಟೆಂಬರಿನಲ್ಲಿ ಜವಾಬ್ದಾರಿ ಸರಕಾರವನ್ನು ಬೇಡಿ ‘ಮೈಸೂರು ಚಲೋ’ ಚಳವಳಿ ನಡೆದಾಗ ರಾಮಸ್ವಾಮಿಯೆಂಬ ವಿದ್ಯಾರ್ಥಿಯು ಗುಂಡೇಟಿಗೆ ಬಲಿಯಾದನು. ಮುಂದಿನ ತಿಂಗಳಲ್ಲಿಯೇ ಪ್ರಜೆಗಳ ಮಂತ್ರಿಮಂಡಲ ಏರ್ಪಟ್ಟಿತು. ಒಡೆಯರ ಹೆಸರಿನ ವೃತ್ತಗಳಿರುವ ಊರಿನಲ್ಲಿ ಒಂದು ವೃತ್ತಕ್ಕೆ ಆ ಹುಡುಗನ ಹೆಸರು ಬಂದಿತು. ಬಸ್ಸಿನ ಕಂಡಕ್ಟರು ದಿನಕ್ಕೆ ಎಷ್ಟೋ ಸಲ ಆ ಹೆಸರನ್ನು ಕೂಗುತ್ತಾನೆ, ಇಳಿಯತಕ್ಕವರು ಇಳಿಯುತ್ತಾರೆ.