ಊಟ ಆಯಿತೇ?

ನನ್ನ ತಂಗಿಯ ಮಗಳು ವಿನಿಮಯ ವಿದ್ಯಾರ್ಥಿನಿಯಾಗಿ ಒಂದು ಸೆಮಿಸ್ಟರಿಗೆಂದು ಜರ್ಮನಿಯ ಹೈಡೆಲ್‌ಬರ್ಗಿಗೆ ಹೋದಳು. 1386ರಲ್ಲಿ ಸ್ಥಾಪನೆಯಾದ ವಿಶ್ವವಿದ್ಯಾಲಯ ಅದು. ಅಲ್ಲಿ ಭಾನುವಾರ ಅಂಗಡಿಗಳು ಬಹುತೇಕ ಮುಚ್ಚಿರುತ್ತವೆಂಬುದು ಹುಡುಗಿಗೆ ತಿಳಿಯದು. ಮೊದಲ ಭಾನುವಾರ ಉಳಿದಿದ್ದ ಎರಡು ತುಂಡು ಬ್ರೆಡ್ಡೇ ಊಟ. ತಾಯಿ ಫೋನಿನಲ್ಲಿ "ಊಟ ಆಯ್ತೇನೇ?" ಎಂದರೆ, "ಅನ್ನ ಸಾರು ಮಾಡ್ಕೊಂಡೆ ಅಮ್ಮ" ಎಂದಳಂತೆ. ನಿಜ ಹೇಳಿದ್ದು ನನಗೆ. "ಅಮ್ಮನಿಗೆ ಹೇಳ್ಬೇಡಿ ದೊಡ್ಡಮ್ಮ" ಎಂಬ ಆಣೆಯೊಡನೆ.

ತಂಗಿಗೂ ಆ ವಾರ ಜ್ವರ. ಅವಳೂ ಮಗಳಿಗೆ ಹೇಳಿರಲಿಲ್ಲ.

30 ವರ್ಷ ತರಗತಿಯಲ್ಲಿ "ಸುಳ್ಳು ಹೇಳಬಾರದು" ಎಂದವಳು ನಾನು. ಈ ಎರಡು ಸುಳ್ಳುಗಳ ನಡುವೆ ತೆಪ್ಪಗೆ ಕುಳಿತಿದ್ದೆ. ಪ್ರೀತಿಯಿಂದ ಆಡಿದ ಸುಳ್ಳು ಸುಳ್ಳೇ? ನೋವು ತಪ್ಪಿಸುತ್ತದೆ, ನಿಜ. ಆದರೆ ತಾಯಿಯ ಸಮಾಧಾನವೆಲ್ಲ ಸಾರನ್ನ ಉಂಡ ಮಗಳ ಪಾಲಿಗಾಯಿತು. ಹಸಿದ ಮಗಳು ಒಂಟಿಯಾಗಿಯೇ ಉಳಿದಳು. ಜ್ವರದ ತಾಯಿಯೂ ಅಷ್ಟೇ.

ಗುಟ್ಟು ಬಿಟ್ಟುಕೊಡುವ ಹಕ್ಕು ನನ್ನದಲ್ಲ. "ನೀನೇ ಹೇಳು ಪುಟ್ಟಿ" ಎಂದೆ. ಹೇಳಿದಳು. ತಂಗಿ ಅತ್ತಳು, ಆಮೇಲೆ ತನ್ನ ಜ್ವರದ ಸುದ್ದಿಯನ್ನೂ ಹೇಳಿದಳು.

ಅಂದಿನಿಂದ ಶನಿವಾರವೇ ಫೋನು ಹೋಗುತ್ತಿತ್ತು: "ನಾಳೆಗೆ ತರಕಾರಿ ತಂದಿಟ್ಕೊಂಡ್ಯೇನೇ?"