ಅದೇ ಗಾಡಿ, ಬೇರೆ ಪಿಸ್ಟನ್

ಹಳೆಯ ಟಾಟಾ 207 ಪಿಕಪ್ಪಿಗೆ ಎಫ್‌ಸಿ ಮಾಡಿಸುವ ದಿನ ಮೊದಲು ಹುಡುಕಬೇಕಾದದ್ದು ಚಾಸಿ ನಂಬರು. ಗ್ರೀಸು, ತುಕ್ಕು ಕೂತ ಜಾಗವನ್ನು ಸೀಮೆಎಣ್ಣೆ ಬಟ್ಟೆಯಿಂದ ಒರೆಸಿ, ಪಾಲಿಶ್ ಪೇಪರಿನಿಂದ ಉಜ್ಜಿ, ತೆಳ್ಳನೆ ಕಾಗದ ಹಿಡಿದು ಪೆನ್ಸಿಲನ್ನು ಅಡ್ಡ ಮಲಗಿಸಿ ತೀಡಿದರೆ ಅಂಕಿಗಳು ಒಂದೊಂದಾಗಿ ಮೇಲೇಳುತ್ತವೆ. ಆರ್‌ಸಿಯಲ್ಲಿರುವುದಕ್ಕೆ ತಾಳೆಯಾದರೆ ಗಾಡಿ ಅದೇ ಗಾಡಿ. ಉಳಿದದ್ದೆಲ್ಲ ಬದಲಾಗಿದ್ದರೂ ಸರಿ.

ಉಗಾರ ಖುರ್ದದಂಥ ಊರಲ್ಲಿ ಉಳಿದದ್ದೆಲ್ಲ ಬದಲಾಗಿಯೇ ಇರುತ್ತದೆ. ಕೃಷ್ಣೆಯ ದಂಡೆಯ ಕರಿನೆಲ. ಹಂಗಾಮು ಬಂತೆಂದರೆ 1939ರಲ್ಲಿ ಸ್ಥಾಪನೆಯಾದ ಸಕ್ಕರೆ ಕಾರ್ಖಾನೆಯತ್ತ ಕಬ್ಬಿನ ಟ್ರ್ಯಾಕ್ಟರುಗಳ ಸಾಲು. ಇದರ ನಡುವೆಯೇ ಪಿಕಪ್ಪು ಬೆಳಿಗ್ಗೆ ಹಾಲಿನ ಕ್ಯಾನು, ಮಧ್ಯಾಹ್ನ ಗೊಬ್ಬರದ ಚೀಲ ಹೊರಬೇಕು. ಕಮಾನಿನ ಬುಷ್ಷು ಹೋಗುತ್ತದೆ, ಕ್ಲಚ್ ಪ್ಲೇಟು ಸವೆಯುತ್ತದೆ, ಕ್ಯಾಬಿನ್ನಿನ ತಗಡಿಗೆ ವೆಲ್ಡಿಂಗಿನ ತೇಪೆ ಬೀಳುತ್ತದೆ. ಇಷ್ಟಾದ ಮೇಲೂ ಮಾಲೀಕರ ಬಾಯಲ್ಲಿ ಬರುವ ಮಾತು, “ನಮ್ಮ ಅಪ್ಪಾರು ತಂದ ಗಾಡೀನ ಐತ್ರಿ ಇದು.”

ಯಾವುದು “ಇದು”?

ಈ ಪ್ರಶ್ನೆ ಈ ಸೀಮೆಗೆ ಹೊಸದಲ್ಲ. ಮಗ್ಗುಲಲ್ಲೇ ಶೇಡಬಾಳ, 1925ರಲ್ಲಿ ಜೈನ ಮುನಿ ಆಚಾರ್ಯ ವಿದ್ಯಾನಂದರು ಹುಟ್ಟಿದ ಊರು. ಪ್ರವಚನ ಕೇಳಿ ಬೆಳೆದ ಜೈನ ಮನೆಗಳಿಗೆ ಉತ್ಪಾದ, ವ್ಯಯ, ಧ್ರೌವ್ಯ ಎಂಬ ಮೂರು ಮಾತು ಪರಿಚಿತ. ಉಮಾಸ್ವಾತಿಯ ತತ್ತ್ವಾರ್ಥಸೂತ್ರದ ಐದನೆಯ ಅಧ್ಯಾಯದ ಪ್ರಕಾರ ಹುಟ್ಟು, ಅಳಿವು, ಉಳಿವು ಮೂರೂ ಕೂಡಿಯೇ ಇದ್ದರೆ ಅದು ಸತ್. ಸಮಂತಭದ್ರರ ಆಪ್ತಮೀಮಾಂಸೆಯಲ್ಲಿ ಇದಕ್ಕೊಂದು ದೃಷ್ಟಾಂತವಿದೆ. ಬಂಗಾರದ ಕೊಡ ಒಡೆದು ಕಿರೀಟ ಮಾಡಿದಾಗ ಕೊಡ ಬೇಕಿದ್ದವನಿಗೆ ದುಃಖ, ಕಿರೀಟ ಬೇಕಿದ್ದವನಿಗೆ ಹಿಗ್ಗು, ಬಂಗಾರವೇ ಬೇಕಿದ್ದವನಿಗೆ ಎರಡೂ ಇಲ್ಲ.

ಚೆಂದವೇ. ಆದರೆ ಅಕ್ಕಸಾಲಿಗನ ಬಂಗಾರ ಅಲ್ಲೇ ಉಳಿಯುತ್ತದೆ. ಮೆಕ್ಯಾನಿಕ್ ಬಿಚ್ಚಿದ ಕಬ್ಬಿಣ ಗುಜರಿಯವನ ತಕ್ಕಡಿಗೆ ಹೋಗುತ್ತದೆ. ಬೌದ್ಧರ ಮಿಲಿಂದಪಞ್ಹದಲ್ಲಿ ಭಿಕ್ಷು ನಾಗಸೇನ ಯವನ ದೊರೆಯ ಬಾಯಿಂದಲೇ ಹೇಳಿಸುವ ಉತ್ತರ ಇನ್ನೂ ಖಡಕ್ಕು: ಅಚ್ಚು ರಥವಲ್ಲ, ಗಾಲಿ ರಥವಲ್ಲ, ನೊಗವೂ ಅಲ್ಲ, ಎಲ್ಲ ಕೂಡಿದಾಗ ಕರೆಯಲಿಕ್ಕೆ ರಥ ಎಂಬುದೊಂದು ಹೆಸರು. ತಮಾಷೆಯೆಂದರೆ ಸಾರಿಗೆ ಇಲಾಖೆ ನಾಗಸೇನನ ಪಕ್ಷ. ಇಂಜಿನ್ನನ್ನೇ ಬದಲಿಸಿದರೂ ಅನುಮತಿ ಪಡೆದು ಆರ್‌ಸಿಯಲ್ಲಿ ಹೊಸ ನಂಬರು ಬರೆಸಬಹುದು. ಚಾಸಿ ನಂಬರು ಅಳಿಸಿಹೋಯಿತೋ, ಗಾಡಿಯ ಹುಟ್ಟಿನ ಮೇಲೇ ಸಂಶಯ.

ಗ್ಯಾರೇಜಿನಲ್ಲಿ ನಿಂತು ನೋಡಿದರೆ ಮಾತ್ರ ಮಾಲೀಕರ ಮಾತಿನಲ್ಲೇ ಹೆಚ್ಚು ತೂಕ ಕಾಣುತ್ತದೆ. ಇಂಜಿನ್ ಆಯಿಲ್ ಕುಡಿಯತೊಡಗಿ, ಹೊಗೆ ಹೆಚ್ಚಾದಾಗ ಬೋರ್ ಮಾಡಿಸುತ್ತಾರೆ. ಸವೆದು ಅಂಡಾಕಾರವಾದ ಸಿಲಿಂಡರನ್ನು ಕೊರೆದು ಮತ್ತೆ ದುಂಡಗೆ ಮಾಡಿದಾಗ ಅದು ತುಸು ದೊಡ್ಡದಾಗುತ್ತದೆ. ಕಂಪನಿಯಿಂದ ಬಂದಾಗಿದ್ದ ಅಳತೆಯ ಪಿಸ್ಟನ್ ಈಗ ನಡೆಯದು, 0.50 ಮಿಲಿಮೀಟರ್ ಓವರ್‌ಸೈಜ್ ಬೇಕು. ಹೊಸ ಪಿಸ್ಟನ್ನಿನ ಅಳತೆಯನ್ನು ಹಳೆಯ ಸವೆತ ನಿರ್ಧರಿಸಿದೆ. ಅಷ್ಟು ವರ್ಷದ ಓಟ ಅರ್ಧ ಮಿಲಿಮೀಟರಾಗಿ ಹೊಸ ಲೋಹದೊಳಗೆ ಸೇರಿಕೊಂಡಿದೆ. ಧ್ರೌವ್ಯವನ್ನು ಹುಡುಕುವವರು ಕಬ್ಬಿಣವನ್ನೂ ನಂಬರನ್ನೂ ಬಿಟ್ಟು ಈ ಅಳತೆಯನ್ನು ನೋಡಬಹುದು.

ಖಂಡೇ ಪೂಜೆಯ ದಿನ ಗಾಡಿ ತೊಳೆದು, ಬಾನೆಟ್ಟಿಗೆ ಕುಂಕುಮ ಹಚ್ಚಿ, ಗಾಲಿಗಳ ಕೆಳಗೆ ಲಿಂಬೆಹಣ್ಣು ಇಡುತ್ತಾರೆ. ಪಾನೆ, ಜಾಕು, ಸುತ್ತಿಗೆಗೂ ಅಂದು ಹೂವು. ಬಿಚ್ಚಿ ಹಾಕಿದ ಹಳೆಯ ಪಿಸ್ಟನ್ನುಗಳಲ್ಲಿ ಒಂದೋ ಎರಡೋ ಗುಜರಿಗೆ ಹೋಗದೆ ಉಳಿದಿದ್ದರೆ, ಅವುಗಳ ಪಿನ್ನಿನ ತೂತಿನಲ್ಲಿ ಊದಿನಕಡ್ಡಿ ಸಿಕ್ಕಿಸುತ್ತಾರೆ.